ಮೂರು ಹಾಡು, ಎರಡು ವಾಲ್ವು

೧
ಈ ಕಥೆಯನ್ನು ಮೈಕಿನಿಂದ ಶುರು ಮಾಡಬೇಕೋ ವಿದ್ಯಾವತಿಬಾಯಿಯ ಗಂಟಲಿನಿಂದಲೋ ಎಂದು ನಾಲ್ಕು ದಿನ ಕೂತೆ. ಗಂಟಲಾದರೆ ಓದುಗರಾದ ನೀವು ಮೊದಲ ಸಾಲಿಗೇ ಕರ್ಚೀಫು ತೆಗೆಯುತ್ತೀರಿ. ಆದ್ದರಿಂದ ಮೈಕು.

ಬಸವಕಲ್ಯಾಣದ ಬಸ್‌ಸ್ಟ್ಯಾಂಡಿನ ಹಿಂದೆ ನಾಗನಾಥನ ಒಂದೇ ಕೋಣೆಯ ಸ್ಟುಡಿಯೋ. ಗೋಡೆಗೆಲ್ಲ ಕೌದಿ ಬಡಿದಿದ್ದಾನೆ (ಲಾರಿಗಳ ಹಾರ್ನ್ ಒಳಗೆ ಬರಬಾರದೆಂದು, ಬರುತ್ತದೆ). ನಡುವೆ ಅವನ ತಂದೆಯ ಕಾಲದ ಮೈಕು. ಅದರ ಹೊಟ್ಟೆಯಲ್ಲಿ ಹೆಬ್ಬೆರಳಷ್ಟು ದೊಡ್ಡ ಗಾಜಿನ ವಾಲ್ವು, ಹಳೇ ರೇಡಿಯೊಗಳಲ್ಲಿ ಇರುತ್ತಿತ್ತಲ್ಲ, ಅಂಥದು. ಕಾಯ್ದು ಕೆಂಪಾದರೆ ಯಾರ ದನಿಗಾದರೂ ಒಂದು ಬೆರಳು ತುಪ್ಪ ಸವರುತ್ತದೆ.

ರೆಕಾರ್ಡ್ ಆಗಬೇಕಿದ್ದ ಹನ್ನೊಂದು ಭಜನೆಗಳಲ್ಲಿ ಎಂಟನ್ನು ವಿದ್ಯಾವತಿಬಾಯಿ ಅದರ ಮುಂದೆ ಹಾಡಿ ಮುಗಿಸಿದ್ದರು. ಸೋಮವಾರ ಸೊಲ್ಲಾಪುರದಲ್ಲಿ ಗಂಟಲ ಆಪರೇಷನ್. ಆಮೇಲೆ ದನಿ ಉಳಿಯುವ ಖಾತ್ರಿಯಿಲ್ಲ. ಭಾನುವಾರವೇ ಅಡ್ಮಿಟ್ ಆಗಬೇಕು, ಮಿಕ್ಕ ಮೂರಕ್ಕೆ ಇದ್ದದ್ದು ಶನಿವಾರ ಮಾತ್ರ. ಶುಕ್ರವಾರ ಬೆಳಿಗ್ಗೆ ಮೈಕು, ಒಗ್ಗರಣೆಯಲ್ಲಿ ಸಾಸಿವೆ ಸಿಡಿದಂತೆ ಚಟಚಟ ಎನ್ನತೊಡಗಿತು.

೩
(ಎರಡನೆಯದನ್ನು ಹರಿದುಹಾಕಿದೆ. ಅದರಲ್ಲಿ ಇತಿಹಾಸವಿತ್ತು. ಬಸವಕಲ್ಯಾಣದ ಕಥೆಯಿಂದ ಇತಿಹಾಸವನ್ನು ಹೊರಗಿಡುವುದೇ ಅರ್ಧ ಕೆಲಸ.)

ನಾಗನಾಥ ಮೈಕನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಹುಮನಾಬಾದಿಗೆ ಹೋದ. ಅಲ್ಲಿ ರೇಡಿಯೊ ರಿಪೇರಿಯ ಅಬ್ದುಲ್ ಕರೀಂನ ಬಳಿ ಒಂದು ಹೊಸ ವಾಲ್ವು ಇತ್ತು. ನನ್ನ ಡ್ರಾಫ್ಟಿನ ಪ್ರಕಾರ ಕರೀಂ ಇಲ್ಲಿ ನಿಟ್ಟುಸಿರಿಟ್ಟು ಹಳೆಯದರ ಸಾವನ್ನು ಘೋಷಿಸಬೇಕಿತ್ತು. ಒಳ್ಳೆಯ ಸಾಲುಗಳನ್ನೇ ಕೊಟ್ಟಿದ್ದೆ. ಅವನು ಭೂತಗನ್ನಡಿ ಹಿಡಿದು ಬೇರೆಯೇ ಕೇಳಿದ:

“ಬೇಟಾ, ವಾಲ್ವಿನ ಬುಡಕ್ಕ ಬೆಳ್ಳಗ ಏನದ?”

“ವಿಭೂತಿರಿ ಚಾಚಾ. ಮೊನ್ನೆ ದಸರಾದಾಗ ಖಂಡೇಪೂಜಿ ದಿನ ಹಚ್ಚೀನಿ.”

“ಹೊರಗ ಮೈಕಿನ ಡಬ್ಬಿಗೆ ಹಚ್ಚಬೇಕಿತ್ತಲ್ಲೋ.”

“ಡಬ್ಬಿ ಏನ್ ಹಾಡ್ತದ್ರಿ? ಹಾಡೋದು ಒಳಗಿಂದು.”

“ಅದೂ ಖರೇ. ನೀರಾಗ ಕಲಿಸಿ ಹಚ್ಚೀದಿ?”

“ಮೂರು ಪಟ್ಟಿ.”

“ಹಸೀ ಬೂದಿ ಸಾಕೆಟ್‌ನ್ಯಾಗ ಇಳದದ. ಕರೆಂಟ್ ಅದರ ಮ್ಯಾಲೆ ಓಡ್ಯಾಡಾಕತ್ತದ. ವಾಲ್ವು ಸತ್ತಿಲ್ಲ.”

(ನನ್ನ ಥೀಮ್ ಮಾತ್ರ ಸತ್ತಿತು. ಸತ್ತಿದೆ ಅಂತ ಹೇಳಿಬಿಡು ಎಂದು ಕರೀಂನನ್ನು ಬೇಡಿಕೊಂಡೆ. “ನಾ ರಿಪೇರಿ ಮಾಡಾವ. ಸುಳ್ಳ ಹೇಳೋದು ನಿಮ್ಮ ಕೆಲಸ” ಎಂದ.)

ಸ್ಪಿರಿಟ್ಟಿನಿಂದ ತೊಳೆದು, ಹಳೆಯದನ್ನೂ ಹೊಸದನ್ನೂ ನಾಗನಾಥನ ಕೈಗಿಟ್ಟ.

“ಹಳೇದರ ಬುಡದಾಗ ಬೂದಿ ಒಂಚೂರು ಉಳದಿರಬಹುದು. ಸುಮ್ಮನಿದ್ರೂ ಇರ್ತದ, ನಡು ಹಾಡಿನಾಗ ಸಿಡಿದ್ರೂ ಸಿಡೀತದ. ಹೊಸಾದಕ್ಕ ಆ ಚಿಂತಿ ಇಲ್ಲ. ಆದ್ರ ದನಿ ಬ್ಯಾರೆ ಬರ್ತದ, ಎಂಟು ಹಾಡು ಒಬ್ಬಾಕಿ, ಮೂರು ಇನ್ನೊಬ್ಬಾಕಿ ಹಾಡಿಧಾಂಗ ಆಗ್ತದ.”

“ನೀವಾಗಿದ್ರ ಯಾವುದು ಹಾಕ್ತಿದ್ರಿ?”

“ನನಗ ಹಾಡಾಕ ಬರಂಗಿಲ್ಲ.”

೪
ಅಂತ್ಯ, ಒಂದು: ಹೊಸದು. ವಿದ್ಯಾವತಿಬಾಯಿ ಹೆಡ್‌ಫೋನ್ ಹಾಕಿಕೊಂಡು ಕೇಳಿ, “ಯಾರಿಕಿ, ನನ್ನ ಸೊಸಿಯೇನು?” ಎನ್ನುತ್ತಾರೆ. (ಸೊಸೆಯನ್ನು ನಾನು ಬರೆದೇ ಇಲ್ಲ. ರದ್ದು.)

ಅಂತ್ಯ, ಎರಡು: ಹಳೆಯದು. ಕೊನೆಯ ಹಾಡು, ಕೊನೆಯ ಸಾಲು, ಒಂದೇ ಒಂದು ಸಾಸಿವೆಕಾಳು ಸಿಡಿಯುತ್ತದೆ. ಇನ್ನೊಮ್ಮೆ ಹಾಡಲು ಗಂಟಲು ಏಳುವುದಿಲ್ಲ. (ಕರ್ಚೀಫು ಒಳಗಿಡಿ.)

ಇನ್ನೊಂದು
ಶನಿವಾರ. ವಾಲ್ವು ಕಾಯಲು ಅರ್ಧ ಗಂಟೆ ಬೇಕು. ವಿದ್ಯಾವತಿಬಾಯಿ ಬಿಸಿನೀರು ಗುಟುಕರಿಸುತ್ತ ನಾಗನಾಥನಿಂದ ಹುಮನಾಬಾದಿನ ಕಥೆಯನ್ನೆಲ್ಲ ಕೇಳಿದರು.

“ಯಾವುದು ಹಾಕೀದೋ ನಾಗಾ?”

“ನೀವು ಹಾಡ್ರಿ ಬಾಯಿ.”

“ಹೇಳಿದ್ರ ಗಂಟೇನು ಹೋಗ್ತದ?”

“ಹೇಳಿದ್ರ ನೀವು ಅದರ ಮ್ಯಾಲೇ ಕಿವಿ ಇಟ್ಟು ಹಾಡ್ತೀರಿ.”

“ಇವತ್ತೂ ಪೂಜಿ ಮಾಡೀದೇನು ಮತ್ತ?”

“ಡಬ್ಬಿಗಷ್ಟೇ ಮಾಡೀನ್ರಿ.”

ಅವರು ನಕ್ಕರು, ಕೆಮ್ಮಿದರು, ಕಣ್ಣು ಮುಚ್ಚಿದರು. ಮೊದಲ ಸಾಲು ಸ್ವಚ್ಛವಾಗಿ ಬಂತು. ಎರಡನೆಯದೂ. ನಾಗನಾಥ ಉಸಿರು ಹಿಡಿದು ಮೈಕನ್ನೇ ನೋಡುತ್ತಿದ್ದ. ನಾನು ಅವನ ಕಿವಿಯ ಬಳಿ ಬಾಗಿ, ಯಾವುದಪ್ಪಾ, ನನಗಾದರೂ ಹೇಳು, ಎಂದೆ.

ಅವನು ತುಟಿಯ ಮೇಲೆ ಬೆರಳಿಟ್ಟು ರೆಕಾರ್ಡಿಂಗ್ ನಡೆದಿದೆ ಎನ್ನುವ ಗೋಡೆಯ ಕೆಂಪು ದೀಪ ತೋರಿಸಿದ. ಇನ್ನೂ ಎರಡು ಹಾಡು ಬಾಕಿ. ಟಿಕ್ ಎಂದು ಹಾಡಿನೊಳಗೆ ಸೇರೀತೆಂದು ನಾನು ಪೆನ್ನಿನ ಕ್ಯಾಪು ಹಾಕಲಿಲ್ಲ.