ತುಂಬಾ ಮುಖ ಇರುವ ಐದು ಜನ

ಕೊಪ್ಪದ ಬಸ್ ಸ್ಟ್ಯಾಂಡ್ ಹತ್ತಿರ ಕಮಲಳ ಜೆರಾಕ್ಸ್ ಅಂಗಡಿ. ಕೆಲಸ ಹುಡುಕುವವರಿಗೆ ಬಯೋಡೇಟಾ ಟೈಪ್ ಮಾಡಿಕೊಡುವುದೂ ಅವಳ ಕಸುಬು. ಇಂಟರ್ನೆಟ್ಟಿನಿಂದ ಇಳಿಸಿಕೊಂಡ ಒಂದು ನಮೂನೆ ಅವಳ ಕಂಪ್ಯೂಟರಿನಲ್ಲಿತ್ತು. ಅದರ ಮೊದಲ ಸಾಲಿನಲ್ಲೇ ‘ಮಲ್ಟಿಫ್ಯಾಸೆಟೆಡ್’ ಎಂಬ ಇಂಗ್ಲಿಷ್ ಪದ. ಅರ್ಥವೇನೆಂದು ಅವಳು ನೋಡಿರಲಿಲ್ಲ. ನೋಡುವುದಕ್ಕೆ ಗತ್ತಾಗಿತ್ತು, ಅಷ್ಟು ಸಾಕಿತ್ತು. ಹೆಸರು, ವಿಳಾಸ ಬದಲಿಸಿ ಎಲ್ಲರಿಗೂ ಅದನ್ನೇ ಕೊಡುತ್ತಿದ್ದಳು.

ಒಂದು ಸೋಮವಾರ ದೇವರಾಜ ಸಪ್ಪೆ ಮುಖ ಹೊತ್ತು ಬಂದ. ಬಾಳೆಹೊನ್ನೂರಿನ ಹತ್ತಿರದ ಕಾಫಿ ಎಸ್ಟೇಟಿನಲ್ಲಿ ಆಳುಗಳನ್ನು ನೋಡಿಕೊಳ್ಳುವ ಮೇಸ್ತ್ರಿ ಕೆಲಸ ಖಾಲಿಯಿದೆಯೆಂದು ಇಂಟರ್ವ್ಯೂಗೆ ಹೋಗಿದ್ದವನು.

“ಕಮಲಕ್ಕ, ನನ್ನ ಬಗ್ಗೆ ಎಂತ ಬರ್ದಿದ್ರಿ?”

“ಎಂತಾಯ್ತು ಮಾರಾಯ?”

“ಮ್ಯಾನೇಜರ್ ಯಶವಂತ ಸಾರ್ ಮೊದಲ ಸಾಲಿನ ಇಂಗ್ಲಿಷ್ ಪದ ತೋರ್ಸಿ ಅರ್ಥ ಹೇಳು ಅಂದ್ರು. ಅದರ ಸ್ಪೆಲಿಂಗ್ ಒಳಗೆ ಫೇಸ್ ಅಂತ ಕಾಣ್ತು. ನಂಗೆ ತುಂಬಾ ಮುಖ ಇದೆ ಸಾರ್ ಅಂದೆ. ಬೆಳಗ್ಗಿಂದ ಬಂದ ಐದು ಜನಕ್ಕೂ ತುಂಬಾ ಮುಖ ಇದೆಯಲ್ಲಪ್ಪ ಅಂತ ನಗಾಡಿದ್ರು.”

ಕಮಲಳಿಗೆ ನಗು ಬಂತು, ಬೆನ್ನಿಗೇ ನಾಚಿಕೆಯೂ ಆಯಿತು. ಆ ಐವರೂ ಅವಳ ಗಿರಾಕಿಗಳೇ. ಫೋನಿನಲ್ಲಿ ನಿಘಂಟು ತೆರೆದು ಗಟ್ಟಿಯಾಗಿ ಓದಿದಳು. ಕೊರೆದು ನಯಮಾಡಿದ ವಜ್ರದ ಹಾಗೆ ಹಲವು ಮುಖಗಳುಳ್ಳದ್ದು, ಬಹುಮುಖವಾದದ್ದು. ಹಲವು ಬಗೆಯ ಶಕ್ತಿಯಿರುವ ಮನುಷ್ಯನಿಗೂ ಹೇಳಬಹುದು, ಹಲವು ಕಡೆಯಿಂದ ನೋಡಬೇಕಾದ ಸಮಸ್ಯೆಗೂ ಹೇಳಬಹುದು.

“ಪದ ತಪ್ಪಲ್ಲ. ನಿನ್ನ ಮುಖಗಳು ಯಾವ್ಯಾವು ಅಂತ ನಾನು ಬರೀಲೇ ಇಲ್ಲ. ಕೂತ್ಕೋ. ನಿಂಗೆ ಎಂತೆಂತ ಬರ್ತದೆ?”

“ನಂಗೆಂತ ಬರ್ತದೆ ಅಕ್ಕ. ತೋಟದ ಕೆಲಸ, ಅಷ್ಟೆ.”

ಕಮಲ ಬಿಡಲಿಲ್ಲ. ಕೆದಕಿದ ಹಾಗೆಲ್ಲ ಒಂದೊಂದೇ ಹೊರಬಂತು. ಪಂಪ್‌ಸೆಟ್ಟು ಕೆಟ್ಟರೆ ಬಿಚ್ಚಿ ಸರಿಮಾಡುತ್ತಾನೆ. ಪಿಕಪ್ ಓಡಿಸುತ್ತಾನೆ. ಐವತ್ತು ಜನರಿಗೆ ಅಡುಗೆ ಮಾಡುತ್ತಾನೆ. ಅಸ್ಸಾಮಿನಿಂದ ಬಂದ ಕೆಲಸಗಾರರ ಜೊತೆ ಎರಡು ವರ್ಷ ದುಡಿದು ಹಿಂದಿ ಕಲಿತಿದ್ದಾನೆ.

“ಇದೆಲ್ಲ ಬರೆಯೋ ವಿಷಯವಾ?” ಎಂದ ದೇವರಾಜ.

“ಇದೇ ಬರೆಯೋ ವಿಷಯ. ಆ ಪದ ಇರ್ಲಾ, ತೆಗೀಲಾ?”

“ಇರ್ಲಿ ಅಕ್ಕ. ಈಗ ಅರ್ಥ ಗೊತ್ತಲ್ಲ.”

ಹೊಸದನ್ನು ಟೈಪ್ ಮಾಡಿ ಕಮಲ ತಾನೇ ಮ್ಯಾನೇಜರಿಗೆ ಫೋನ್ ಹಚ್ಚಿದಳು. “ಸಾರ್, ಎಲ್ಲರಿಗೂ ಒಂದೇ ಪದ ಹಾಕಿದ್ದು ನನ್ನ ತಪ್ಪು. ದೇವರಾಜಂದು ಇನ್ನೊಂದ್ಸಲ ಕಳಿಸ್ತಾ ಇದೀನಿ, ನೋಡಿ.”

ಹತ್ತು ನಿಮಿಷಕ್ಕೆ ಅವರೇ ತಿರುಗಿ ಫೋನ್ ಮಾಡಿದರು. “ಇವನಿಗೆ ಹಿಂದಿ ಬರ್ತದಾ ಮೇಡಂ? ಮೊದಲೇ ಹೇಳ್ಬಾರ್ದಾ? ಇಲ್ಲಿ ಅಸ್ಸಾಮಿನ ಆಳುಗಳಿಗೆ ಕೈಸನ್ನೆ ಮಾಡಿ ಮಾಡಿ ನನ್ನ ರಟ್ಟೆ ಬಿದ್ದುಹೋಗಿದೆ. ನಾಳೆಯಿಂದಲೇ ಬರ್ಲಿ.”

ಸುದ್ದಿ ಕೇಳಿದ ದೇವರಾಜ ಎರಡು ಸಲ ಕುರ್ಚಿಯಿಂದೆದ್ದು ಎರಡು ಸಲ ಕೂತ. ಮರುದಿನ ಮೊದಲ ಬಸ್ಸಿಗೇ ಹೊರಟ.

ಕಮಲ ಉಳಿದ ನಾಲ್ವರಿಗೂ ಫೋನ್ ಮಾಡಿ ಅಂಗಡಿಗೆ ಕರೆದಳು. ಮೊದಲು ಬಂದವಳು ಅಂಬಿಕಾ. ಗಿರಾಕಿಗಳಿಗೆಂದು ಕಮಲ ಇನ್ನೊಂದು ಕುರ್ಚಿ ತರಿಸಿದ್ದಳು. ಅದರಲ್ಲಿ ಅವಳನ್ನು ಕೂರಿಸಿ, ಚಹಾಕ್ಕೆ ಹೇಳಿ, “ಅವಸರ ಎಂತದೂ ಇಲ್ಲ, ನಿಧಾನಕ್ಕೆ ಹೇಳು” ಎಂದಳು.