ಹೇಳಿದರೂ ಹೋಗದವಳು

"ಜೈಲು ಕಂಡು ಬಂದವಳ ಕೈಯನ್ನ ಮಕ್ಕಳ ತಟ್ಟೆಗೆ ಹಾಕಿಸ್ಲಾ? ನಾಳೆ ಅಪ್ಪ ಅಮ್ಮಂದಿರು ಬಂದು ನನ್ನ ಮುಖಕ್ಕೆ ಉಗೀತಾರೆ."

ಶಾಲೆಯ ಅಡುಗೆಮನೆ ನೋಡಿಕೊಳ್ಳುವ ಬಿಳಿ ಹೆಂಗಸು ಬಾಗಿಲು ತೆರೆದಿಟ್ಟುಕೊಂಡೇ ಇಷ್ಟನ್ನೂ ಹೇಳಿದಳು. ಹೊರಗೆ ಬೆಂಚಿನ ಮೇಲೆ ಕೂತಿದ್ದ ನಮಗೆಲ್ಲ ಕೇಳಲಿ ಅಂತಲೇ.

"ಆ ಕೇಸು ಅಳ್ಸೋಗದೆ ಕಣಮ್ಮಾ," ಅಂದಳು ವರ್ಲೀನ್.

"ಅಳಿಸಿದ್ರೆ ನನ್ನ ಕಂಪ್ಯೂಟರಿಗೆ ಹೆಂಗೆ ಬಂತು? ನಿನ್ನ ಫೋಟೋ ಸಮೇತ ಇದೆ. ನಡಿ, ನಡಿ."

ವರ್ಲೀನ್ ಟಬ್ಸ್ ಮತ್ತು ನಾನು ಅಲಬಾಮದ ಈ ಊರಿನ ಕೋಳಿ ಕಾರ್ಖಾನೆಯಲ್ಲಿ ಅಕ್ಕಪಕ್ಕ ನಿಂತು ಮೂಳೆ ಬಿಡಿಸುವವರು. ಚಾಕು ಹಿಡಿದೂ ಹಿಡಿದೂ ಅವಳ ಬೆರಳುಗಳು ಬೆಳಿಗ್ಗೆ ಬಿಚ್ಚುತ್ತಿರಲಿಲ್ಲ. ಬಿಸಿನೀರಲ್ಲಿ ಅದ್ದಿ ಒಂದೊಂದಾಗಿ ಬಿಡಿಸಿಕೊಳ್ಳಬೇಕು. ಅದಕ್ಕೇ ಈ ಶಾಲೆಯ ಕೆಲಸಕ್ಕೆ ಆಸೆಪಟ್ಟಿದ್ದಳು. ಅವಳಿಗೆ ಕಾರಿಲ್ಲ. ರಜೆ ಹಾಕಿ ನಾನೇ ಕರೆದುಕೊಂಡು ಬಂದಿದ್ದೆ.

ಕಾರಲ್ಲಿ ಕೂತವಳು ಅಳಲಿಲ್ಲ. "ಹೋಸಿಯಾ ಹೇಳಿದ್ನಲ್ಲೇ, ವರ್ಷದೊಳಗೆ ಅಳ್ಸೋಯ್ತದೆ ಅಂತ. ಕೋರ್ಟ್‌ನೋರೇ ಏನೋ ಎಡವಟ್ಟು ಮಾಡವ್ರೆ. ಅಲ್ಲಿಗೇ ಬಿಡೆ ಗಾಡಿಯ."

ಹೋಸಿಯಾ ಗ್ಯಾಂಡಿ ನಮ್ಮವನೇ, ನಮ್ಮ ಹಾಗೇ ಕಪ್ಪು ಬಣ್ಣದವನೇ. ಭಾನುವಾರ ಚರ್ಚಿನಲ್ಲಿ ಹಿರಿಯ, ಉಳಿದ ದಿನ ಕಾರ್ಖಾನೆಯ ಆಫೀಸಿನಲ್ಲಿ ಆಳುಗಳನ್ನು ಸೇರಿಸುವವನು, ಕಿತ್ತುಹಾಕುವವನು. ಕೆಲವು ವರ್ಷಗಳ ಹಿಂದೆ ನಮ್ಮ ಸಾಲಿನ ಸಿಯೋಲಾಳನ್ನು ಮೇಸ್ತ್ರಿ ಕಕ್ಕಸಿಗೆ ಬಿಡದೆ ಸತಾಯಿಸಿದ, ಅವಳು ನಿಂತಲ್ಲೇ ಒದ್ದೆ ಮಾಡಿಕೊಂಡಳು. "ಕೋಳಿಗಳೇ ವಾಸಿ ಕಣ್ರೇ, ಸತ್ತ ಮೇಲೆ ಸುಮ್ನಿರ್ತವೆ," ಅಂತ ಮೇಸ್ತ್ರಿ ನಕ್ಕ. ವರ್ಲೀನ್ ಚಾಕು ಕೆಳಗಿಟ್ಟು ಹೊರನಡೆದಳು. ಅವಳ ಹಿಂದೆ ನಾವೆಲ್ಲ. ಗೇಟಿನ ಹೊರಗೆ ರಸ್ತೆಯಲ್ಲಿ ನಿಂತೆವು. ಕೋಳಿಗಳು ಲಾರಿಯಲ್ಲೇ ಸತ್ತು ನಾರಿದವು. ಧಣಿ ಬಗ್ಗುವ ಹಾಗಿದ್ದ.

ಆಗ ಹೋಸಿಯಾ ಅವಳ ಮನೆಗೆ ಬಂದ. "ಧಣಿ ಮಾತಾಡ್ತಾನಂತೆ. ನೀನೊಬ್ಬಳೇ ಗೇಟಿನೊಳಗೆ ಬಾ ತಂಗಿ." ಹೋದಳು. ಒಳಗೆ ಧಣಿ ಇರಲಿಲ್ಲ, ಪೊಲೀಸರಿದ್ದರು. ಬೇಲಿಯ ಈಚೆಯಿಂದ ನಾವು ನೋಡುತ್ತಿದ್ದಂತೆ ಕೈಕೋಳ ಹಾಕಿದರು.

ಲಾಕಪ್ಪಿಗೆ ಕರಿದ ಮೀನು, ಜೋಳದ ರೊಟ್ಟಿ ಹೊತ್ತು ಹೋದವನೂ ಹೋಸಿಯಾನೇ. ಕಣ್ಣೀರು ಹಾಕಿ ಪ್ರಾರ್ಥನೆ ಮಾಡಿದನಂತೆ. "ತಪ್ಪಾಯ್ತು ಅಂತ ಒಪ್ಕೊಂಬಿಡು. ಇವತ್ತೇ ಬಿಡ್ತಾರೆ. ಎಲ್ಲರಿಗೂ ಕೆಲಸ ವಾಪಸ್ಸು ಕೊಡಿಸೋ ಜವಾಬ್ದಾರಿ ನಂದು. ಕೇಸು ತಾನಾಗೇ ಅಳಿಸಿಹೋಗತ್ತೆ." ಒಪ್ಪಿಕೊಂಡಳು. ನಾವೂ ತಲೆ ತಗ್ಗಿಸಿಕೊಂಡು ಒಳಗೆ ಹೋದೆವು. ಅವತ್ತಿನಿಂದ ಅವಳದ್ದು ಒಂದೇ ಮಾತು, "ಆ ಪುಣ್ಯಾತ್ಮ ಇಲ್ದಿದ್ರೆ ನಾನು ಕೊಳ್ತೋಗ್ತಿದ್ದೆ." ಅವನ ಅತ್ತೆ ಹಾಸಿಗೆ ಹಿಡಿದಾಗ ಮುದುಕಿಯ ಹೇಲುಚ್ಚೆ ಬಳಿದವಳು ವರ್ಲೀನ್.

ಕೋರ್ಟಿನ ಕಿಟಕಿಯಲ್ಲಿದ್ದ ಹುಡುಗಿ ತಲೆಯೆತ್ತಲಿಲ್ಲ. "ಏನು ಕದ್ದಿದ್ದೆ?"

"ಕದ್ದಿಲ್ಲ ಕಣವ್ವ. ನನ್ನ ಕೇಸು ಯಾಕೆ ಅಳ್ಸಿಲ್ಲ ಅಂತ ಕೇಳಕ್ ಬಂದೆ."

"ಒಪ್ಕೊಂಡಿದ್ದೀಯಾ?"

"ಹೂಂ. ಒಪ್ಕೊಂಡ್ರೆ ಅಳ್ಸೋಯ್ತದೆ ಅಂದ್ರು."

ಹುಡುಗಿ ಪಕ್ಕದವಳ ಕಡೆ ತಿರುಗಿ ನಕ್ಕಳು. "ಕೇಳಿದ್ಯೇನೇ? ಒಪ್ಕೊಂಡ್ರೆ ಅಳಿಸಿಹೋಗತ್ತಂತೆ!" ಆಮೇಲೆ ನಮ್ಮ ಕಡೆ ನೋಡಿ, "ಒಪ್ಕೊಂಡಿದ್ದಕ್ಕೇ ಉಳ್ಕೊಂಡಿರೋದು. ಇದು ಸಾರ್ವಜನಿಕ ದಾಖಲೆ. ಯಾರು ಬೇಕಾದ್ರೂ ನೋಡಬಹುದು. ಅಗೋ ಮೂಲೇಲಿ ಕಂಪ್ಯೂಟರ್ ಇದೆ, ನೀನೂ ನೋಡ್ಕೋ ಹೋಗು."

ನೆಟ್ಟಗೆ ಬಿಚ್ಚದ ಬೆರಳಲ್ಲಿ ವರ್ಲೀನ್ ತನ್ನ ಹೆಸರು ಒತ್ತಿದಳು. ಅವಳ ಫೋಟೋ ಬಂತು. ಕೆಲಸಕ್ಕೆ ವಾಪಸ್ಸು ಕರೀತಾರೆಂದು ಅವತ್ತು ಹಾಕಿಕೊಂಡು ಹೋಗಿದ್ದ ಕಾರ್ಖಾನೆಯ ಬಲೆಟೋಪಿ ತಲೆಯ ಮೇಲೇ ಇತ್ತು. ಕೆಳಗೆ ದೂರು. ಅವಳು ತುಟಿ ಅಲ್ಲಾಡಿಸುತ್ತ ಓದಿದಳು, ನಾನು ಅವಳ ಹೆಗಲ ಮೇಲಿಂದ ಓದಿದೆ. "ಆಕೆ ಕಂಪನಿಯ ಜಾಗಕ್ಕೆ ಅಕ್ರಮವಾಗಿ ನುಗ್ಗಿದಳು. ಹೊರಗೆ ಹೋಗೆಂದು ನಾನು ಪದೇ ಪದೇ ಹೇಳಿದರೂ ಹೋಗದೆ ಅವಾಚ್ಯವಾಗಿ ಬೈದಳು." ಪ್ರಮಾಣ ಮಾಡಿ ಸಹಿ ಹಾಕಿದವನು ಹೋಸಿಯಾ ಗ್ಯಾಂಡಿ.

ತಾರೀಕು ನೋಡಿದೆ. ಮೀನು ತಂದುಕೊಟ್ಟ ದಿನವೇ.

ಧಣಿಯ ಕಡೆಯವರದ್ದೂ ಹೀಗೇ ಇದೆಯಾ ನೋಡೋಣವೆಂದು ನಾನು ಕೀಲಿಮಣೆ ಎಳೆದುಕೊಂಡೆ. ಧಣಿಯ ಮಗನ ಹೆಸರು ಒತ್ತಿದೆ. ಕುಡಿದು ಗಾಡಿ ಓಡಿಸಿ ಸಿಯೋಲಾಳ ಗಂಡನ ಕಾಲು ಮುರಿದವನು. ಅವನನ್ನು ಪೊಲೀಸರು ಕರೆದೊಯ್ದದ್ದನ್ನು ಊರೇ ನೋಡಿತ್ತು. ಯಾವುದೇ ದಾಖಲೆ ಇಲ್ಲ ಎಂದಿತು ಕಂಪ್ಯೂಟರು.

ವರ್ಲೀನ್ ಅದನ್ನು ನೋಡಲೇ ಇಲ್ಲ. "ಬಾಯ್ತುಂಬ ಅಣ್ಣ ಅಂತಿದ್ನಲ್ಲೇ ನಾನು ಅವುನ್ನ," ಅಂದಳು. "ನಡಿ, ಕಾರ್ಖಾನೆಗೆ."

ಗೇಟಿನಲ್ಲಿ ಪಾಳಿ ಬದಲಾಗುವ ಹೊತ್ತು. ಕಾವಲಿನವನು ನಾವು ಕೆಲಸಕ್ಕೆ ಬಂದವರೆಂದು ಒಳಗೆ ಬಿಟ್ಟ. ಆಫೀಸಿನ ಕಿಟಕಿಯಿಂದ ನಮ್ಮನ್ನು ಕಂಡ ಹೋಸಿಯಾ ನಗುತ್ತಲೇ ಬಂದ. ಅವಳ ಮುಖ ನೋಡಿ ನಿಂತ.

"ನೀನೇನಾ ಸಹಿ ಹಾಕಿದ್ದು?"

ಅವನು ಸುತ್ತ ನೋಡಿದ. ದನಿ ತಗ್ಗಿಸಿದ. "ತಂಗಿ, ನಾನಲ್ದಿದ್ರೆ ಇನ್ನೊಬ್ಬ ಹಾಕ್ತಿದ್ದ. ನಾನು ಹಾಕಿದ್ದಕ್ಕೇ ಅಷ್ಟೂ ಜನಕ್ಕೆ ಕೆಲಸ ಉಳೀತು. ನಿಂಗೂ ಉಳೀತು. ಅದನ್ನ ಯೋಚ್ನೆ ಮಾಡು."

"ಬೆಳಗ್ಗೆ ಸಹಿ ಹಾಕ್ಬುಟ್ಟು ಸಂಜೆ ಮೀನು ತಂದ್ಯಲ್ಲೋ ಸೂಳೆಮಗ್ನೆ! ನಿನ್ನತ್ತೆ ಹೇಲು ಬಳ್ದಿವ್ನಿ ಕಣೋ ಈ ಕೈಲಿ. ಆವಾಗ್ಲೂ ಬಾಯಿ ಬಿಡ್ಲಿಲ್ವಲ್ಲ ನೀನು."

"ನಾಲಿಗೆ ಬಿಗಿ ಹಿಡಿ ವರ್ಲೀನ್. ಇದು ಕಂಪನಿ ಜಾಗ. ಮನೆಗೆ ಹೋಗು, ಭಾನುವಾರ ಚರ್ಚಲ್ಲಿ ಮಾತಾಡೋಣ."

"ಅವತ್ತು ಹೋಗು ಅಂದ್ಯಾ ನೀನು? ಬಾ ಅಂದೆ. ಬಂದೆ." ವರ್ಲೀನ್ ಗೇಟಿನ ನಡುವೆ ಡಾಂಬರಿನ ಮೇಲೆ ಕೂತಳು. ಮೊಣಕಾಲು ನೋವಿಗೆ ಒಂದು ಕೈಯೂರಿ ನಿಧಾನವಾಗಿ ಕೂತಳು. "ಈವಾಗ ಹೇಳು. ಹೋಗು ಅನ್ನು. ಪದೇ ಪದೇ ಅನ್ನು. ಬರ್ದಿರೋದು ದಿಟ ಆಗ್ಲಿ."

ಕೋಳಿ ತುಂಬಿದ ಲಾರಿ ಬಂದು ಅವಳೆದುರು ನಿಂತು ಹಾರನ್ ಹೊಡೆಯಿತು. ಬಿಳಿ ಪುಕ್ಕಗಳು ಅವಳ ತಲೆಯ ಮೇಲೆ ಉದುರಿದವು. ಪಾಳಿ ಮುಗಿಸಿ ಹೊರಬರುತ್ತಿದ್ದ ಹೆಂಗಸರು ನಿಂತರು.

"ಹೋಗು," ಅಂದ ಹೋಸಿಯಾ.

"ಕೇಳುಸ್ಲಿಲ್ಲ."

"ಹೋಗು ಅಂದ್ನಲ್ಲ!"

ಅವಳು ಕದಲಲಿಲ್ಲ. ಹೋಸಿಯಾ ಫೋನು ತೆಗೆದ. ಪೊಲೀಸರಿಗೆ ಅವಳ ಹೆಸರು, ಮನೆ ಇರುವ ಬೀದಿ ಎಲ್ಲ ತಡವರಿಸದೆ ಹೇಳಿದ. ಗುಂಪಿನಲ್ಲಿದ್ದ ಸಿಯೋಲಾ ನನ್ನತ್ತ ನೋಡಿದಳು, ನಾನು ಅವಳತ್ತ ನೋಡಿದೆ. ಅವಳು ಕಣ್ಣು ತಗ್ಗಿಸಿ ಹೊರಗೆ ಹೋದಳು. ಅವಳ ಹಿಂದೆ ಇನ್ನೂ ಕೆಲವರು.

ನಾನು ಕಾರಿನ ಕೀಲಿಯನ್ನು ಜೇಬಿಗಿಳಿಸಿ ವರ್ಲೀನಳ ಪಕ್ಕದಲ್ಲಿ ಕೂತೆ. ಡಾಂಬರು ಸುಡುತ್ತಿತ್ತು.

"ಅಲ್ಮೆಟಾ, ನಿಂಗೇನು ಬಂದಿದೆ ರೋಗ? ಏಳು," ಅಂದ ಹೋಸಿಯಾ, ಫೋನಿಗೆ ಕೈ ಅಡ್ಡ ಹಿಡಿದು.

"ನನ್ನ ಹೆಸ್ರೂ ಹೇಳು ಅವ್ರಿಗೆ."

ಅವನು ಫೋನಿನ ಮೇಲಿನ ಕೈ ತೆಗೆದ. ಫೋನಿನೊಳಗಿನ ಹೆಂಗಸು ಹಲೋ ಹಲೋ ಅನ್ನುತ್ತಿದ್ದಳು. ನಾನೇ ಕೂಗಿ ಹೇಳಿದೆ, ಅವಳು ಸರಿಯಾಗಿ ಬರೆದುಕೊಳ್ಳಲಿ ಅಂತ, ಒಂದೊಂದೇ ಅಕ್ಷರ ಬಿಡಿಸಿ.