ಮಾಳಿಗೆಗೆ ಮಣ್ಣು ಹಾಕುವವರು ಯಾರು?

ರೈಲು ಹೋದಾಗಲೆಲ್ಲ ಸಿದ್ದರಾಯನ ಖೋಲಿಯ ಮಾಳಿಗೆಯಿಂದ, ಎಂದರೆ ಮಣ್ಣಿನ ಚಾವಣಿಯಿಂದ, ಮಣ್ಣು ಉದುರುತ್ತಿತ್ತು. ಕೆಳಗೆ ತೊಟ್ಟಿಲು. ತೊಟ್ಟಿಲಲ್ಲಿ ಹಾಲು ಕುಡಿಯುವ ಕೂಸು.

ಸಿದ್ದರಾಯ ತಿಕೋಟಾದವನು. ಕುರಿ ಮಾರಿ ವಿಜಾಪುರ ಸೇರಿ ಗಾಂಧಿ ಚೌಕದಲ್ಲಿ ಹಮಾಲಿ ಮಾಡುತ್ತಿದ್ದ. ಇಬ್ರಾಹಿಂಪುರದಲ್ಲಿ ರೈಲು ಹಳಿಯ ಪಕ್ಕ ಮುದುಕವ್ವನ ಮನೆಯ ಹಿಂದಿನ ಖೋಲಿ ಬಾಡಿಗೆಗೆ ಹಿಡಿದಿದ್ದ. ಮುಂದಿನ ಖೋಲಿಯಲ್ಲಿ ಮುದುಕವ್ವ ಒಬ್ಬಳೇ. ತಿಂಗಳಿಗೆ ಬರುವ ಎಂಟು ರೂಪಾಯಿ ಬಾಡಿಗೆಯಲ್ಲೇ ಅವಳ ಜೋಳ, ಅವಳ ಎಣ್ಣೆ. ಪ್ರತಿ ವರ್ಷ ಮಿರಗದ, ಎಂದರೆ ಮೃಗಶಿರಾ ಮಳೆಗೆ ಮುಂಚೆ ಸಿದ್ದರಾಯ ಬುಟ್ಟಿಯಲ್ಲಿ ಮಣ್ಣು ಹೊತ್ತು ಮಾಳಿಗೆಗೆ ಹಾಕಿ ತುಳಿಯುತ್ತಿದ್ದ. ಮುದುಕವ್ವ ಬಿಸಿ ರೊಟ್ಟಿ ಬಡಿದು ಕೊಡುತ್ತಿದ್ದಳು. ಇದು ಯಾರ ಕೆಲಸವೆಂದು ಯಾರೂ ಕೇಳಿದ್ದಿಲ್ಲ.

೧೯೬೫ರ ಬೇಸಿಗೆಯಲ್ಲಿ ಮುದುಕವ್ವ ಅಂದಳು: “ಸಿದ್ದರಾಯ, ಬರೂ ತಿಂಗಳಿಂದ ಹನ್ನೆರಡು ರೂಪಾಯಿ ಕೊಡಪಾ.”

ಸಿದ್ದರಾಯ ಎದ್ದು ನಡೆದ. ಸಿಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ತನ್ನ ಖೋಲಿಗೆ ಬಂದ.

“ಮುಂದಿನ ಖೋಲಿ ಆಯಿ ಜೋಡಿ ಕುಂತು ಮಾತಾಡ್ರಿ,” ಎಂದಳು ಹೆಂಡತಿ ಮಲಕವ್ವ.

“ಬಾಡಿಗಿಯವ ಬಾಯಿ ತಗದ್ರ ಗಡಿಗಿ-ಭಾಂಡೆ ಬೀದಿಗಿ ಬೀಳ್ತಾವ. ನಾಕು ರೂಪಾಯಿ ಹೆಚ್ಚಿಗಿ ಬೇಕಂದಾಳಲ್ಲ, ಮಣ್ಣೂ ಆಕೀನೇ ಹಾಕಸ್ಲಿ!”

ಮುದುಕವ್ವನೂ ಕಡಿಮೆಯವಳಲ್ಲ. “ಇರೂ ಮಂದಿ ಮಣ್ಣ ಹಾಕ್ಬೇಕು. ನಾ ಯಾಕ ಹೇಳ್ಲಿ?” ಎಂದು ಗೊಣಗಿದಳು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ಆದರೂ ಮಲಕವ್ವ ನೀರಿಗೆ ಹೋದಾಗ ಮುದುಕಿ ತಪ್ಪದೆ ಬಂದು ತೊಟ್ಟಿಲು ತೂಗುತ್ತಿದ್ದಳು. ಕೂಸಿನ ಮೇಲೆ ಅವಳಿಗೆಂಥ ಸಿಟ್ಟು?

ನೆರೆಮನೆಯ, ಮನೆ ಕಟ್ಟುವ ಗವಂಡಿ ಕಾಸಿಮಸಾಬ ಎಚ್ಚರಿಸಿದ: “ಸಿದ್ದರಾಯ, ಮಣ್ಣ ಹೋಗಿ ಮಾಳಿಗಿ ಜಂತಿ ಕಾಣಾಕತ್ತಾವಪಾ. ಮೊದಲ ಮಣ್ಣ ಹಾಕ್ರಿ, ಸಿಟ್ಟು ಆಮ್ಯಾಲ ಮಾಡ್ರಿ.”

ಇಬ್ಬರೂ ಕೇಳಲಿಲ್ಲ. ಮಿರಗ ಕೂಡಿತು. ಮೊದಲ ಮಳೆಯೇ ಹುಯ್ಯೆಂದು ಸುರಿಯಿತು. ಸಿದ್ದರಾಯ ತೊಯ್ಯುತ್ತ ಚೌಕದಿಂದ ಓಡಿ ಬಂದ. ಅಷ್ಟರಲ್ಲಿ ರೈಲು ಹಾದುಹೋಗಿತ್ತು, ಮಾಳಿಗೆ ಕುಸಿದಿತ್ತು. ಮಲಕವ್ವ ಕೊಡ ಚೆಲ್ಲಿ ಬಾಗಿಲಲ್ಲಿ ಚೀರುತ್ತಿದ್ದಳು. ಒಳಗೆ ಮುದುಕವ್ವ ತೊಟ್ಟಿಲ ಮೇಲೆ ಬೋರಲು ಬಿದ್ದಿದ್ದಳು. ಅವಳ ಬೆನ್ನ ಮೇಲೆ ಮಣ್ಣು, ಬಲಗೈ ಮೇಲೆ ಮುರಿದ ಜಂತಿ. ಅವಳಡಿಯಿಂದ ಕೂಸಿನ ಅಳು ಕೇಳಿಸಿದ ಮೇಲೆ ಸಿದ್ದರಾಯನಿಗೆ ಹೋದ ಜೀವ ಬಂತು.

ದವಾಖಾನೆಯಲ್ಲಿ ಅವನು ಮುದುಕಿಯ ಕಾಲು ಹಿಡಿದು ಅತ್ತ. “ನಾ ಮಣ್ಣ ಹಾಕಿದ್ರ ಹಿಂಗ ಆಗ್ತಿರ್ಲಿಲ್ಲ ಆಯಿ.”

“ನಾನರ ಯಾಕ ಹೆಚ್ಚಿಗಿ ಬೇಕು ಅಂತ ಹೇಳಿದ್ನೇನಪಾ? ಜ್ವಾಳ ತುಟ್ಟಿ ಆಗ್ಯಾವ, ಮುನಸಿಪಾಲ್ಟಿಯವ್ರು ಮನಿ ಪಟ್ಟಿ ಏರಸ್ಯಾರ. ಬಡತನ ಹೇಳ್ಕೊಳ್ಳಾಕ ನಾಚಿಕಿ ಬಂತು.”

ಜೊತೆಗೆ ಬಂದಿದ್ದ ಕಾಸಿಮಸಾಬ ಅಂದ: “ಈಗರ ಮಾತಾಡ್ರಿ. ಸ್ಟೇಷನ್ ರಸ್ತೆದಾಗ ನನ್ನ ತಮ್ಮನ ಅಂಗಡಿ ಬಾಡಿಗಿ ಮಾಲಕ ಏರಿಸಿದಾಗ ನಾವು ವಕೀಲರನ್ನ ಕೇಳಿದ್ವಿ. ಕೋರ್ಟಿನ ಹುಕುಂ ಇಲ್ಲದ ಯಾರ ಭಾಂಡೇನೂ ಬೀದಿಗಿ ಒಗ್ಯಾಕ ಬರೂದಿಲ್ಲ. ಆದ್ರ ಕೋರ್ಟಿನ ತನಕ ಯಾಕ ಹೋಗ್ತೀರಿ? ಬಾಡಿಗಿ ಎಷ್ಟು, ಎಂದಿನಿಂದ, ರಿಪೇರಿ ಯಾರದು, ಎಲ್ಲಾ ಕಾಗದದ ಮ್ಯಾಲ ಬರಸ್ರಿ. ಕೊಟ್ಟ ರೊಕ್ಕಕ್ಕ ಪಾವತಿ ಚೀಟಿ ತಗೋರಿ.”

“ನಂಬಿಗಿ ಇದ್ದಲ್ಲಿ ಕಾಗದ ಯಾಕ ಬೇಕು ಕಾಕಾ?”

“ನಂಬಿಗಿ ಇತ್ತಲ್ಲೋ ಸಿದ್ದರಾಯ. ಮಾಳಿಗಿ ಉಳೀತೇನು?”

ಸಿದ್ದರಾಯ ಮುದುಕವ್ವನ ಕಡೆ ತಿರುಗಿ ಕುಳಿತ. ಹನ್ನೆರಡು ತನ್ನ ಕೂಲಿಗೆ ಏಕೆ ನಿಲುಕದು ಎಂದು ಅಂದೇ ಮೊದಲ ಸಲ ಬಾಯಿಬಿಟ್ಟು ಹೇಳಿದ. ಮುದುಕವ್ವ ಎಂಟು ತನಗೇಕೆ ಸಾಲದು ಎಂದು ಹೇಳಿದಳು. ಹತ್ತು ರೂಪಾಯಿಗೆ ಮಾತು ನಿಂತಿತು. ಎರಡು ವರ್ಷ ಏರಿಸುವಂತಿಲ್ಲ. ಮಣ್ಣು ತರಿಸುವುದು ಮುದುಕವ್ವ, ಹಾಕಿ ತುಳಿಯುವುದು ಸಿದ್ದರಾಯ. ಇಬ್ಬರೂ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದರು.

ಕುಸಿದ ಮಾಳಿಗೆಯನ್ನು ಮತ್ತೆ ಕಟ್ಟಿದ್ದಾರೆ; ಈಗ ರೈಲು ಹೋದರೂ ತೊಟ್ಟಿಲಿಗೆ ಮಣ್ಣು ಬೀಳುವುದಿಲ್ಲ. ಆದರೆ ಮುದುಕವ್ವನ ಬಲಗೈ ನೆಟ್ಟಗಾಗಲೇ ಇಲ್ಲ. ಎರಡೂ ಖೋಲಿಗೆ ರೊಟ್ಟಿ ಬಡಿಯುವವಳು ಈಗ ಮಲಕವ್ವ.

ಮನೆ ಬಾಡಿಗೆಗೆ ಕೊಟ್ಟ ತಾಯಂದಿರೇ, ಹಿಡಿದ ಅಣ್ಣಂದಿರೇ, ಬಾಡಿಗೆಯ ಮಾತನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಬೇಡಿ. ಎದುರುಬದುರು ಕುಳಿತು ಆಡಿ, ಆಡಿದ್ದನ್ನು ಬರೆಸಿ. ಒಂದು ಮಾತಿಗೆ ನಾಚಿದ್ದಕ್ಕೆ ಮುದುಕವ್ವ ಒಂದು ಕೈ ಕೊಟ್ಟಳು. ನೀವು ಅಷ್ಟು ಕೊಡಬೇಡಿ.